ಜರ್ಮನಿಯ ಹಸಿರು ಸ್ಟಿಕ್ಕರ್ ಇರುವ ಹಳೆಯ ಡೀಸೆಲ್ ಕಾರಿನಲ್ಲಿ ಬ್ರಸೆಲ್ಸ್, ಪ್ಯಾರಿಸ್, ಮಿಲಾನ್, ಫ್ಲಾರೆನ್ಸ್‌ಗೆ ಹೋಗಬಹುದೇ?

ರಘುನಂದನ, ಡ್ಯೂಸೆಲ್‌ಡಾರ್ಫ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ನನ್ನ ಅಪ್ಪ, ಅಮ್ಮ ಇಲ್ಲಿಗೆ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು ಇರುವುದರಿಂದ, ರೈಲು ನಿಲ್ದಾಣಗಳಲ್ಲಿ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿಳಿಯುವ ಕಷ್ಟ ಬೇಡವೆಂದು, ಸ್ವಂತ ಕಾರಿನಲ್ಲಿಯೇ ಬ್ರಸೆಲ್ಸ್, ಪ್ಯಾರಿಸ್, ಆಮೇಲೆ ಸ್ವಿಟ್ಜರ್‌ಲೆಂಡ್ ದಾಟಿ ಮಿಲಾನ್, ಫ್ಲಾರೆನ್ಸ್ ನೋಡಿಬರುವ ಯೋಚನೆ ಮಾಡಿದ್ದೇನೆ. ಕಾರು 2012ರಲ್ಲಿ ನೋಂದಣಿಯಾದ ಡೀಸೆಲ್ ಗಾಡಿ. ಹೊಗೆಯ ಮಾನದಂಡದಲ್ಲಿ ಯೂರೋ 5 ದರ್ಜೆಯದು. ಮುಂಗಾಜಿನ ಮೇಲೆ 4 ಎಂಬ ಅಂಕಿಯಿರುವ, ಕಡಿಮೆ ಹೊಗೆಯ ಗಾಡಿಯೆಂದು ಸೂಚಿಸುವ ಹಸಿರು ಸ್ಟಿಕ್ಕರ್ ಇದೆ, ಅದರ ಬಲದಿಂದಲೇ ಜರ್ಮನಿಯ ಊರುಗಳಲ್ಲಿ ಇದುವರೆಗೆ ಯಾವ ಅಡ್ಡಿಯೂ ಇಲ್ಲದೆ ಓಡಾಡಿದ್ದೇನೆ.

ನನ್ನ ಅನುಮಾನಗಳು ಇವು. ಈ ಹಸಿರು ಸ್ಟಿಕ್ಕರ್ ಐರೋಪ್ಯ ಒಕ್ಕೂಟದ ಉಳಿದ ದೇಶಗಳಲ್ಲಿಯೂ ನಡೆಯುತ್ತದೆಯೇ? ನಡೆಯದಿದ್ದರೆ ಒಂದೊಂದು ಊರಿಗೂ ಬೇರೆ ಬೇರೆ ಪರವಾನಗಿ ತೆಗೆದುಕೊಳ್ಳಬೇಕೇ? ಇಟಲಿಯಲ್ಲಿ ರಸ್ತೆಯ ಕ್ಯಾಮೆರಾಕ್ಕೆ ಸಿಕ್ಕಿಬಿದ್ದ ತಪ್ಪಿಗೆ ಎಷ್ಟೋ ತಿಂಗಳು ಕಳೆದ ಮೇಲೆ ಮನೆಗೆ ದಂಡದ ಪತ್ರ ಬರುತ್ತದೆ ಎಂದು ಕಚೇರಿಯ ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ, ಅದು ನಿಜವೇ? ತಂಗಿಯ ಸಂಸಾರ ಲಂಡನ್ನಿನ ಹ್ಯಾರೋದಲ್ಲಿದೆ. ಸಮಯ ಉಳಿದರೆ ಕಡಲು ದಾಟಿ ಅಲ್ಲಿಗೂ ಇದೇ ಕಾರಿನಲ್ಲಿ ಹೋಗಬಹುದೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಸುಮಿತ್ರಾ, ಘೆಂಟ್

ರಘುನಂದನ ಅವರೇ, ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಇಲ್ಲ. ಜರ್ಮನಿಯ ಗಡಿ ದಾಟಿದ ಕೂಡಲೇ ಆ ಸ್ಟಿಕ್ಕರ್‌ಗೆ ಯಾವ ಬೆಲೆಯೂ ಇರುವುದಿಲ್ಲ. ವಾಹನಗಳ ಹೊಗೆಯ ಮಾನದಂಡವನ್ನು, ಅಂದರೆ 1992ರಲ್ಲಿ ಯೂರೋ 1ರಿಂದ ಶುರುವಾದ ಮೆಟ್ಟಿಲುಗಳನ್ನು, ಇಡೀ ಒಕ್ಕೂಟಕ್ಕೆ ಒಂದೇ ಬಗೆಯಾಗಿ ನಿಗದಿ ಮಾಡಿದ್ದಾರೆ. ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದೆಂಬ ಮಿತಿಯನ್ನೂ 2008ರ ನಿರ್ದೇಶನದಲ್ಲಿ ಎಲ್ಲರಿಗೂ ಸಮನಾಗಿ ಹಾಕಿದ್ದಾರೆ. ಆದರೆ ಆ ಮಿತಿಯನ್ನು ಮುಟ್ಟುವ ದಾರಿಯನ್ನು ಆಯಾ ದೇಶಕ್ಕೆ, ಹಲವೆಡೆ ಆಯಾ ನಗರಸಭೆಗೆ ಬಿಟ್ಟುಬಿಟ್ಟಿದ್ದಾರೆ. ಆದ್ದರಿಂದ ನಿಮ್ಮ ಒಂದೇ ಕಾರು ಒಂದೂರಿನಲ್ಲಿ ಸಭ್ಯ, ಇನ್ನೊಂದೂರಿನಲ್ಲಿ ಅಪರಾಧಿ.

ಸ್ಟಿಕ್ಕರ್ ಅನ್ನು ಮರೆತು ಕಾರಿನ ನೋಂದಣಿ ಪತ್ರವನ್ನು, ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ ಆರ್‌ಸಿಯನ್ನು, ಕೈಗೆತ್ತಿಕೊಳ್ಳಿ. ಅದರಲ್ಲಿ ಬಿ ಎಂಬ ಅಂಕಣದಲ್ಲಿ ಮೊದಲ ನೋಂದಣಿಯ ದಿನಾಂಕ, ಪಿ.3ರಲ್ಲಿ ಇಂಧನ, ವಿ.9ರಲ್ಲಿ ಹೊಗೆಯ ದರ್ಜೆ ಇರುತ್ತದೆ. ಈ ಅಂಕಣಗಳ ಸಂಕೇತಗಳು ಒಕ್ಕೂಟದ ಎಲ್ಲ ದೇಶಗಳಲ್ಲಿಯೂ ಒಂದೇ ಆಗಿರುವುದರಿಂದ ಯಾವ ಊರಿನ ಜಾಲತಾಣಕ್ಕೆ ಹೋದರೂ ಕೇಳುವುದು ಈ ಮೂರನ್ನೇ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಎಂದು ವಯಸ್ಸನ್ನು ನೋಡುವ ಕ್ರಮ ನಿಮಗೆ ಗೊತ್ತಿರಬಹುದು. ಇಲ್ಲಿ ಮುಖ್ಯವಾಗಿ ನೋಡುವುದು ದರ್ಜೆಯನ್ನು. ಹಾಗಾಗಿಯೇ 2006ರ ಪೆಟ್ರೋಲ್ ಕಾರು ಒಳಗೆ ಹೋಗುವ ಕಡೆ 2012ರ ಡೀಸೆಲ್ ಕಾರು ಹೊರಗೆ ನಿಲ್ಲಬೇಕಾಗಿ ಬರುತ್ತದೆ. ಕಾರಣವೂ ಇದೆ: ಯೂರೋ 5 ಡೀಸೆಲ್ ಕಾರು ಕಿಲೋಮೀಟರಿಗೆ 180 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಲು ಅನುಮತಿಯಿತ್ತು, ಯೂರೋ 6ರಲ್ಲಿ ಅದು 80ಕ್ಕೆ ಇಳಿಯಿತು. ಪ್ರಯೋಗಾಲಯದ ಹೊರಗೆ, ರಸ್ತೆಯ ಮೇಲೆ, ಹಳೆಯ ಡೀಸೆಲ್‌ಗಳು ಆ 180ನ್ನೂ ಎಷ್ಟೋ ಪಟ್ಟು ಮೀರುತ್ತಿದ್ದವೆಂಬುದು ಕಂಪನಿಗಳು ಹೊಗೆ ಪರೀಕ್ಷೆಯಲ್ಲಿ ವಂಚಿಸಿದ್ದು 2015ರಲ್ಲಿ ಬಯಲಾದ ಡೀಸೆಲ್ ಹಗರಣದ ನಂತರ ಎಲ್ಲರಿಗೂ ಗೊತ್ತಾದ ಸಂಗತಿ.

ಈಗ ನಿಮ್ಮ ದಾರಿಗೆ ಬರೋಣ. ಮೊದಲ ನಿಲುಗಡೆಯಾದ ಬ್ರಸೆಲ್ಸ್‌ನಲ್ಲಿಯೇ ನಿಮಗೆ ತೊಡಕಿದೆ. 2018ರಿಂದ ಅಲ್ಲಿನ ಹತ್ತೊಂಬತ್ತು ಪುರಸಭೆಗಳ ಇಡೀ ಪ್ರದೇಶವೇ ಲೋ ಎಮಿಷನ್ ಝೋನ್, ಅಂದರೆ ಹೆಚ್ಚು ಹೊಗೆ ಬಿಡುವ ಗಾಡಿಗಳನ್ನು ತಡೆಯುವ ವಲಯ. ಸ್ಟಿಕ್ಕರ್ ಪದ್ಧತಿ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿ ದತ್ತಾಂಶದೊಂದಿಗೆ ತಾಳೆ ನೋಡುತ್ತದೆ. ನಿಮ್ಮದು ವಿದೇಶಿ ನಂಬರ್ ಆದ್ದರಿಂದ ನಿಯಮಕ್ಕೆ ಹೊಂದುವ ಕಾರಾದರೂ ಮುಂಚಿತವಾಗಿ ನೋಂದಾಯಿಸಲೇಬೇಕು. ಯೂರೋ 5 ಡೀಸೆಲ್‌ಗಳನ್ನು 2025ರ ಆರಂಭದಿಂದ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಪ್ರಾದೇಶಿಕ ಸಂಸತ್ತು ಅದನ್ನು ಎರಡು ವರ್ಷ ಮುಂದೂಡಿತು. 2025ರ ಸೆಪ್ಟೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ಮುಂದೂಡಿಕೆಯನ್ನೇ ತಡೆಹಿಡಿಯಿತು. ಇಂಥ ಜಗ್ಗಾಟದ ನಡುವೆ ಹೊರಗಿನ ಪ್ರವಾಸಿ ನಂಬಬಹುದಾದ್ದು ಒಂದೇ, ಹೊರಡುವ ವಾರ ಬ್ರಸೆಲ್ಸ್‌ನ ಅಧಿಕೃತ ಜಾಲತಾಣದಲ್ಲಿ ತನ್ನ ಕಾರಿನ ವಿವರ ಹಾಕಿ ನೋಡುವುದು. ಒಪ್ಪದ ಕಾರುಗಳಿಗೆ ಹಣ ಕೊಟ್ಟು ಪಡೆಯುವ ದಿನದ ಪಾಸ್ ಇದೆ. ನಗರವನ್ನು ಸುತ್ತುವ ರಿಂಗ್ ರಸ್ತೆ ವಲಯಕ್ಕೆ ಸೇರುವುದಿಲ್ಲ. ನನ್ನನ್ನು ಕೇಳಿದರೆ, ಲೂವೆನ್‌ನಲ್ಲಿ ಉಳಿದುಕೊಂಡು, ಅಲ್ಲಿ ಕಾರು ಬಿಟ್ಟು, ಪೆಟ್ಟಿಗೆಗಳ ಹೊರೆಯಿಲ್ಲದೆ ಬ್ರಸೆಲ್ಸ್‌ಗೆ ರೈಲಿನಲ್ಲಿ ಹೋಗಿಬರುವುದು ನಿಮ್ಮ ಅಮ್ಮನವರಿಗೂ ಹಗುರ. ದಾರಿಯಲ್ಲಿ ಆಂಟ್‌ವರ್ಪ್‌ಗೆ ತಿರುಗುವ ಆಸೆಯಿದ್ದರೆ ಅಲ್ಲಿ 2017ರಿಂದಲೂ, ನಮ್ಮ ಘೆಂಟ್‌ನಲ್ಲಿ 2020ರಿಂದಲೂ ಪ್ರತ್ಯೇಕ ವಲಯಗಳಿವೆ, ನಿಯಮ ಬ್ರಸೆಲ್ಸ್‌ನದಲ್ಲ, ಆ ಊರುಗಳಿರುವ ಫ್ಲಾಂಡರ್ಸ್ ಪ್ರಾಂತ್ಯದ್ದು.

ಪ್ಯಾರಿಸ್ ಇದಕ್ಕಿಂತ ಸಲೀಸು. ಫ್ರಾನ್ಸಿನಲ್ಲಿ ಕ್ರಿಟ್‌ಏರ್ ಎಂಬ ಸ್ಟಿಕ್ಕರ್ ಇದೆ, ವಿದ್ಯುತ್ ಕಾರುಗಳ ಹಸಿರಿನಿಂದ ಹಿಡಿದು 5ನೇ ದರ್ಜೆಯ ಬೂದು ಬಣ್ಣದವರೆಗೆ. ಯೂರೋ 5 ಮತ್ತು ಯೂರೋ 6 ಡೀಸೆಲ್ ಎರಡಕ್ಕೂ ಅಲ್ಲಿ ಹಳದಿ ಬಣ್ಣದ 2ನೇ ದರ್ಜೆ ಸಿಗುತ್ತದೆ. ಪ್ಯಾರಿಸ್ ಮಹಾನಗರದಲ್ಲಿ ಎ86 ರಸ್ತೆಯ ಒಳಗೆ 2025ರ ಜನವರಿಯಿಂದ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 8ರಿಂದ ರಾತ್ರಿ 8ರ ತನಕ ನಿರ್ಬಂಧ ಇರುವುದು 3 ಮತ್ತು ಅದಕ್ಕಿಂತ ಕೆಳಗಿನ ದರ್ಜೆಗಳಿಗೆ. ನಿಮ್ಮದು ಒಂದು ಮೆಟ್ಟಿಲಿನಿಂದ ಪಾರಾಗಿದೆ. ಸ್ಟಿಕ್ಕರ್ ಅಂಟಿಸದಿದ್ದರೆ ಕಾರುಗಳಿಗೆ ದಂಡ 68 ಯೂರೋ. ಆದರೆ ಗಮನಿಸಿ: 2025ರ ಜೂನ್‌ನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಈ ವಲಯಗಳನ್ನು ರದ್ದುಪಡಿಸುವ ಅಂಶವಿರುವ ಮಸೂದೆಗೆ ಮತ ಹಾಕಿದೆ. ಆದ್ದರಿಂದ ಅಲ್ಲಿಯೂ ಹೊರಡುವ ಮುನ್ನ ಸ್ಥಿತಿಗತಿ ನೋಡಿಕೊಳ್ಳುವುದು ಅಗತ್ಯ. ಸ್ಟಿಕ್ಕರ್ ಅನ್ನು ಫ್ರೆಂಚ್ ಸರ್ಕಾರದ ಜಾಲತಾಣದಿಂದಲೇ ತರಿಸಿಕೊಳ್ಳಿ. ಅಂಚೆ ವೆಚ್ಚ ಸೇರಿ ಐದು ಯೂರೋ ಆಸುಪಾಸಿನಲ್ಲಿ ಮುಗಿಯುವ ವಸ್ತುವಿಗೆ ಸರ್ಕಾರದ ವೇಷ ಹಾಕಿದ ಮಧ್ಯವರ್ತಿ ಜಾಲತಾಣಗಳು ಅದರ ಹಲವು ಪಟ್ಟು ಕೀಳುತ್ತವೆ. ಅಂಚೆಯಲ್ಲಿ ಬರಲು ಕೆಲವು ವಾರ ಹಿಡಿಯಬಹುದಾದ್ದರಿಂದ ಈಗಲೇ ಅರ್ಜಿ ಹಾಕುವುದು ಕ್ಷೇಮ.

ಪ್ಯಾರಿಸ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. 2024ರ ನವೆಂಬರ್‌ನಿಂದ ನಗರದ ನಡುಭಾಗದಲ್ಲಿ, ಹಳೆಯ ಮೊದಲ ನಾಲ್ಕು ವಾರ್ಡುಗಳಲ್ಲಿ, ಹಾದುಹೋಗುವ ವಾಹನಗಳಿಗೆ ಪ್ರವೇಶ ಇಲ್ಲ. ಅಲ್ಲಿಯೇ ಹೋಟೆಲ್, ಅಂಗಡಿ, ಊಟದ ಮನೆಯ ಕೆಲಸವಿದ್ದರೆ ಹೋಗಬಹುದು. ದಾರಿ ಹತ್ತಿರವೆಂದು ನುಗ್ಗುವಂತಿಲ್ಲ. ಇದಕ್ಕೂ ಹೊಗೆಯ ದರ್ಜೆಗೂ ಸಂಬಂಧವಿಲ್ಲ. ಮೂರು ಬಗೆಯ ನಿಯಮಗಳನ್ನು ಬೇರೆ ಬೇರೆ ಇಟ್ಟುಕೊಂಡು ನೋಡಿದರೆ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ: ಕಾರು ಎಷ್ಟು ಹೊಗೆ ಬಿಡುತ್ತದೆ ಎಂದು ಕೇಳುವ ವಲಯ ಒಂದು, ಹಣ ಕೊಟ್ಟೆಯಾ ಎಂದು ಕೇಳುವ ವಲಯ ಇನ್ನೊಂದು, ನಿನಗೆ ಇಲ್ಲೇನು ಕೆಲಸ ಎಂದು ಕೇಳುವ ವಲಯ ಮತ್ತೊಂದು. ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದಕ್ಕೆ ಒದಗುವುದಿಲ್ಲ. ಇಟಲಿಯಲ್ಲಿ ನಿಮಗೆ ಮೂರೂ ಎದುರಾಗುತ್ತವೆ, ಅದನ್ನು ಅಲ್ಲಿಯೇ ಇರುವವರು ಹೇಳಿದರೆ ಚೆನ್ನ.

ವಿಶ್ವನಾಥ ಭಟ್, ಮಿಲಾನ್

ಸುಮಿತ್ರಾ ಮೇಡಂ ಮೂರು ಪ್ರಶ್ನೆಗಳೆಂದು ಹೇಳಿದ್ದು ನಮ್ಮ ಮಿಲಾನ್‌ಗೆ ಅಕ್ಷರಶಃ ಸಲ್ಲುತ್ತದೆ. ಇಲ್ಲಿ ಏರಿಯಾ ಬಿ ಎಂಬ ದೊಡ್ಡ ವಲಯವನ್ನು 2019ರ ಫೆಬ್ರವರಿಯಲ್ಲಿ ಜಾರಿಗೆ ತಂದರು, ಅದು ನಗರದ ಬಹುಪಾಲನ್ನು ಆವರಿಸುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 7.30ರಿಂದ ಸಂಜೆ 7.30ರ ತನಕ ಅದು ಜಾರಿಯಲ್ಲಿರುತ್ತದೆ. 2022ರ ಅಕ್ಟೋಬರ್ 1ರಿಂದ ಯೂರೋ 5 ಡೀಸೆಲ್ ಕಾರುಗಳಿಗೆ, ಅಂದರೆ ನಿಮ್ಮ ಕಾರಿಗೆ, ಸಾಮಾನ್ಯ ನಿಯಮದಂತೆ ಅಲ್ಲಿ ಪ್ರವೇಶವಿಲ್ಲ. ಜರ್ಮನಿಯಲ್ಲಿ ಹಸಿರು, ಪ್ಯಾರಿಸ್‌ನಲ್ಲಿ ಹಳದಿ, ಇಲ್ಲಿ ಬಾಗಿಲು ಬಂದ್. ಶನಿವಾರ, ಭಾನುವಾರ ಬರುವವರಿಗೆ ಈ ತೊಂದರೆ ಇಲ್ಲ, ನಿಮ್ಮ ದಿನಾಂಕಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಲು ಸಾಧ್ಯವಾದರೆ ಇದೇ ಅತಿ ಸುಲಭದ ಪರಿಹಾರ.

ಏರಿಯಾ ಬಿಯ ನಟ್ಟನಡುವೆ ಏರಿಯಾ ಸಿ ಇದೆ. ಡುವೋಮೊ ಚರ್ಚಿನ ಸುತ್ತಲಿನ ಹಳೆಯ ನಗರ ಅದು. 2012ರ ಜನವರಿಯಲ್ಲಿ ಶುರುವಾದಾಗ ಪ್ರವೇಶ ಶುಲ್ಕ 5 ಯೂರೋ ಇತ್ತು, 2023ರ ಅಕ್ಟೋಬರ್ ಕೊನೆಯಿಂದ 7.50 ಯೂರೋ ಆಗಿದೆ. ಹಣ ಕೊಟ್ಟರೆ ಯಾವ ಕಾರೂ ಹೋಗಬಹುದೆಂದು ಹಲವರು ಭಾವಿಸುತ್ತಾರೆ, ಅದು ಸರಿಯಲ್ಲ. ದರ್ಜೆಯಲ್ಲಿ ಪಾಸಾದ ಕಾರು ಮಾತ್ರ ಹಣ ಕೊಡುವ ಹಕ್ಕು ಪಡೆಯುತ್ತದೆ. ನೀವು ವಾರದ ದಿನವೇ ಬರುವುದಾದರೆ ನಗರಸಭೆಯ ಗಡಿಯ ಹೊರಗಿರುವ ರೋ ಫಿಯೆರಾ ಅಥವಾ ಸೆಸ್ಟೊ ಕಡೆ ಕಾರು ನಿಲ್ಲಿಸಿ ಮೆಟ್ರೋ ಒಂದನೇ ಮಾರ್ಗದಲ್ಲಿ ನೇರ ಡುವೋಮೊಗೆ ಬನ್ನಿ. ಬದಲಿಸುವ ಗೋಜಿಲ್ಲ.

ಫ್ಲಾರೆನ್ಸ್‌ನ ವಿಷಯ ಇದಕ್ಕಿಂತ ಮುಖ್ಯ, ಏಕೆಂದರೆ ಇಟಲಿಗೆ ಬರುವ ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲಿ, ಪೀಸಾದಲ್ಲಿ, ಸಿಯೆನಾದಲ್ಲಿ ಮತ್ತು ರೋಮ್‌ನಲ್ಲಿ. ಈ ಊರುಗಳ ಹಳೆಯ ಪೇಟೆಗಳನ್ನು ಸೀಮಿತ ಸಂಚಾರ ವಲಯವೆಂದು ಘೋಷಿಸಿ ಝಡ್‌ಟಿಎಲ್ ಎಂದು ಬರೆದ ಫಲಕ ಹಾಕಿರುತ್ತಾರೆ: ಬಿಳಿಯ ಹಿನ್ನೆಲೆ, ಸುತ್ತ ಕೆಂಪು ವೃತ್ತ, ಕೆಳಗೆ ಇಟಾಲಿಯನ್ ಭಾಷೆಯಲ್ಲಿ ಸಮಯ ಮತ್ತು ವಿನಾಯಿತಿಗಳು. ಹಲವು ಊರುಗಳಲ್ಲಿ ಪಕ್ಕದಲ್ಲಿ ಮಿನುಗುವ ಅಕ್ಷರಗಳ ಒಂದು ಬೋರ್ಡ್ ಕೂಡ ಇರುತ್ತದೆ. ಅದರಲ್ಲಿ 'ವಾರ್ಕೊ ಅತ್ತೀವೊ' ಎಂದು ಹೊಳೆಯುತ್ತಿದ್ದರೆ ಕ್ಯಾಮೆರಾ ಈಗ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. 'ಅತ್ತೀವೊ' ಎಂಬುದನ್ನು 'ಪ್ರವೇಶ ತೆರೆದಿದೆ' ಎಂದು ಊಹಿಸಿ ಒಳಗೆ ಹೋದವರನ್ನು ನಾನು ಬಲ್ಲೆ. ಗೇಟಿಲ್ಲ, ಕಾವಲುಗಾರನಿಲ್ಲ, ಗೂಗಲ್ ನಕ್ಷೆಯನ್ನೇ ನಂಬಿ ಹೋಗುವವರಿಗೆ ಕೊನೆಯ ತಿರುವಿನವರೆಗೆ ಯಾವ ಸೂಚನೆಯೂ ಕಣ್ಣಿಗೆ ಬೀಳದೆ ಹೋಗಬಹುದು. ಫ್ಲಾರೆನ್ಸ್‌ನಲ್ಲಿ ವಾರದ ದಿನಗಳಲ್ಲಿ ಬೆಳಗ್ಗೆ 7.30ರಿಂದ ರಾತ್ರಿ 8ರ ತನಕ ನಿರ್ಬಂಧ ಇರುತ್ತದೆ, ಬೇಸಿಗೆಯಲ್ಲಿ ವಾರಾಂತ್ಯದ ಕೆಲವು ರಾತ್ರಿಗಳಿಗೂ ಅದನ್ನು ವಿಸ್ತರಿಸುತ್ತಾರೆ. ಇಲ್ಲಿ ಕೇಳುವುದು ಪರವಾನಗಿ ಇದೆಯೇ ಎಂಬುದನ್ನು. ಆದ್ದರಿಂದ ಹೊಸ ಯೂರೋ 6 ಕಾರಿದ್ದರೂ ಪ್ರವಾಸಿಯ ತಲೆನೋವು ತಪ್ಪುವುದಿಲ್ಲ.

ವಲಯದ ಒಳಗಿನ ಹೋಟೆಲ್‌ನಲ್ಲಿ ಕೋಣೆ ಕಾಯ್ದಿರಿಸಿದ್ದರೆ ಆ ಹೋಟೆಲ್‌ನವರು ನಿಮ್ಮ ನಂಬರ್ ಪ್ಲೇಟನ್ನು ನಗರಸಭೆಗೆ ತಿಳಿಸಿ ಸಾಮಾನು ಇಳಿಸುವ ಮಟ್ಟಿಗೆ ಅನುಮತಿ ಕೊಡಿಸಬಲ್ಲರು. ಕೋಣೆ ಕಾಯ್ದಿರಿಸಿದ ಮಾತ್ರಕ್ಕೆ ಅದು ತಾನಾಗಿ ಆಗುವುದಿಲ್ಲ, ನಂಬರನ್ನು ಬರಹದಲ್ಲಿ ಕಳಿಸಿ, ಕಳಿಸಿದ್ದೇವೆಂದು ಅವರಿಂದ ಬರಹದಲ್ಲಿಯೇ ಉತ್ತರ ಪಡೆಯಿರಿ. ಮನೆ ಬಾಡಿಗೆಗೆ ಕೊಡುವ ಖಾಸಗಿ ಮಾಲೀಕರಲ್ಲಿ ಎಲ್ಲರಿಗೂ ಈ ವ್ಯವಸ್ಥೆ ಇರುವುದಿಲ್ಲ.

ನಿಮ್ಮ ಸಹೋದ್ಯೋಗಿ ಹೇಳಿದ ಮಾತು ನಿಜ. ಇಟಲಿಯ ನಿವಾಸಿಗಳಿಗೆ 90 ದಿನಗಳೊಳಗೆ ನೋಟಿಸ್ ಮುಟ್ಟಿಸಬೇಕು, ವಿದೇಶದಲ್ಲಿರುವವರಿಗೆ 360 ದಿನಗಳವರೆಗೆ ಅವಕಾಶ ಇದೆ. ಝಡ್‌ಟಿಎಲ್ ಉಲ್ಲಂಘನೆಯ ದಂಡ 83 ಯೂರೋಗಳಿಂದ ಶುರುವಾಗುತ್ತದೆ. ನೋಟಿಸ್ ಕೈಸೇರಿದ ಐದು ದಿನಗಳಲ್ಲಿ ಕಟ್ಟಿದರೆ ಮೂವತ್ತು ಶೇಕಡ ಕಡಿಮೆ. ಬಾಡಿಗೆ ಕಾರಾದರೆ ಪೊಲೀಸರು ಮೊದಲು ಕಂಪನಿಯನ್ನು ಕೇಳುತ್ತಾರೆ, ಕಂಪನಿ ನಿಮ್ಮ ವಿವರ ಕೊಟ್ಟ ಶ್ರಮಕ್ಕೆ ನಿಮ್ಮ ಕಾರ್ಡಿನಿಂದ ಒಂದು ಮೊತ್ತ ಕಡಿದುಕೊಳ್ಳುತ್ತದೆ, ನಿಜವಾದ ದಂಡದ ಪತ್ರ ಆಮೇಲೆ ಬೇರೆಯಾಗಿ ಬರುತ್ತದೆ. ಕಾರ್ಡಿನಿಂದ ಹೋದ ಹಣವೇ ದಂಡವೆಂದು ನೆಮ್ಮದಿಯಾಗಿ ಕೂತವರು ಗಡುವು ಮೀರಿ ಹೆಚ್ಚು ಕಟ್ಟಬೇಕಾಗುತ್ತದೆ.

ಪ್ರಿಯಾಂಕಾ, ಲಂಡನ್

ಹ್ಯಾರೋಗೆ ಬರುವ ವಿಚಾರವಾಗಿ ನಾನು ಉತ್ತರಿಸುತ್ತೇನೆ. ಲಂಡನ್ನಿನ ಅಲ್ಟ್ರಾ ಲೋ ಎಮಿಷನ್ ಝೋನ್, ಎಲ್ಲರ ಬಾಯಲ್ಲಿ ಯುಲೆಜ್, 2019ರ ಏಪ್ರಿಲ್‌ನಲ್ಲಿ ನಡು ಲಂಡನ್ನಿಗೆ ಸೀಮಿತವಾಗಿತ್ತು. 2021ರ ಅಕ್ಟೋಬರ್‌ನಲ್ಲಿ ಉತ್ತರ ಮತ್ತು ದಕ್ಷಿಣ ಸರ್ಕ್ಯುಲರ್ ರಸ್ತೆಗಳವರೆಗೆ ಬೆಳೆಯಿತು. 2023ರ ಆಗಸ್ಟ್ 29ರಿಂದ ಹ್ಯಾರೋ ಸೇರಿದಂತೆ ಲಂಡನ್ನಿನ ಎಲ್ಲ ಬರೋಗಳಿಗೂ, ಅಂದರೆ ಆಡಳಿತ ವಿಭಾಗಗಳಿಗೂ, ಹರಡಿತು. ಪೆಟ್ರೋಲ್ ಕಾರಿಗೆ ಯೂರೋ 4, ಡೀಸೆಲ್‌ಗೆ ಯೂರೋ 6 ಇರಬೇಕು. ನಿಮ್ಮದು ಅದಕ್ಕೆ ಹೊಂದುವುದಿಲ್ಲ. ಆದರೆ ಮಿಲಾನ್‌ನಂತೆ ತಡೆಯುವುದಿಲ್ಲ, ದಿನಕ್ಕೆ 12.50 ಪೌಂಡ್ ಕಟ್ಟಿದರೆ ಓಡಿಸಬಹುದು. ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ರಾತ್ರಿ ಹನ್ನೊಂದಕ್ಕೆ ಒಳಗೆ ಬಂದು ಒಂದು ಗಂಟೆಗೆ ಹೊರಟರೆ ಎರಡು ದಿನದ ಲೆಕ್ಕ. ವರ್ಷದಲ್ಲಿ ಕ್ರಿಸ್‌ಮಸ್ ದಿನ ಬಿಟ್ಟರೆ ಬಿಡುವಿಲ್ಲ. ಕಾರು ಮನೆ ಮುಂದೆ ನಿಂತೇ ಇರುವ ದಿನಕ್ಕೆ ಹಣವಿಲ್ಲ ಎಂಬುದು ನಿಮಗೆ ಅನುಕೂಲದ ಸಂಗತಿ. ಓಡಿಸಿದ ದಿನದ ನಂತರದ ಮೂರನೆಯ ದಿನದ ಮಧ್ಯರಾತ್ರಿಯೊಳಗೆ ಕಟ್ಟದಿದ್ದರೆ ದಂಡ 180 ಪೌಂಡ್, ಹದಿನಾಲ್ಕು ದಿನಗಳೊಳಗೆ ಕಟ್ಟಿದರೆ ಅದರ ಅರ್ಧ.

ಡೋವರ್‌ನಲ್ಲಿ ಇಳಿದು ಎಂ20 ಹಿಡಿದು, ಎಂ25 ರಸ್ತೆಯಲ್ಲಿ ಹೀಥ್ರೋ ಕಡೆಯಿಂದ ಸುತ್ತಿ ಬನ್ನಿ. ಎಂ25 ವಲಯದ ಹೊರಗಿದೆ. ಆ ದಿಕ್ಕಿನಿಂದ ಬಂದರೆ ಡಾರ್ಟ್‌ಫರ್ಡ್ ಸೇತುವೆಯ ಪ್ರತ್ಯೇಕ ಶುಲ್ಕವೂ ತಪ್ಪುತ್ತದೆ. ನಡು ಲಂಡನ್ನಿಗೆ ಮಾತ್ರ ಕಾರು ತೆಗೆಯಬೇಡಿ. ಅಲ್ಲಿ 2003ರಿಂದ ಇರುವ ಕಂಜೆಶನ್ ಚಾರ್ಜ್ ಎಂಬ ವಾಹನ ದಟ್ಟಣೆಯ ಶುಲ್ಕ ಯುಲೆಜ್‌ಗೆ ಹೊರತಾದ ಇನ್ನೊಂದು ಶುಲ್ಕ, 2026ರ ಜನವರಿಯಿಂದ ಅದು ದಿನಕ್ಕೆ 18 ಪೌಂಡ್. ಅಪ್ಪ, ಅಮ್ಮನವರಿಗೆ ಲ್ಯಾಂಬೆತ್‌ನ ಥೇಮ್ಸ್ ದಂಡೆಯಲ್ಲಿರುವ ಬಸವೇಶ್ವರರ ಪ್ರತಿಮೆ ತೋರಿಸುವ ಆಸೆ ನಿಮಗಿದ್ದೇ ಇರುತ್ತದೆ, ಕರ್ನಾಟಕದಿಂದ ಬಂದವರೆಲ್ಲರಿಗೂ ಇರುತ್ತದೆ. ಹ್ಯಾರೋದಿಂದ ಟ್ಯೂಬ್ ರೈಲಿನಲ್ಲಿ ಬಂದು, ಕೊನೆಯ ತುಣುಕಿಗೆ ಟ್ಯಾಕ್ಸಿ ಹಿಡಿಯಿರಿ.

ತಂಗಿಯ ಮನೆಯಿಂದ ಸ್ಕಾಟ್‌ಲೆಂಡ್ ಕಡೆಗೂ ಹೋಗುವ ಯೋಚನೆ ಬಂದರೆ ಎಚ್ಚರ. ಗ್ಲಾಸ್ಗೋದಲ್ಲಿ 2023ರ ಜೂನ್‌ನಿಂದ, ಎಡಿನ್‌ಬರೋದಲ್ಲಿ 2024ರ ಜೂನ್‌ನಿಂದ ನಗರದ ನಡುಭಾಗಕ್ಕೆ ಯೂರೋ 6 ಅಲ್ಲದ ಡೀಸೆಲ್ ಬರುವಂತೆಯೇ ಇಲ್ಲ. ದಿನದ ಶುಲ್ಕವೆಂಬುದು ಇಲ್ಲ. ಬಂದರೆ 60 ಪೌಂಡ್ ದಂಡ, ಪದೇ ಪದೇ ಬಂದರೆ ಅದು ದುಪ್ಪಟ್ಟಾಗುತ್ತಾ ಹೋಗುತ್ತದೆ.

ಶ್ರೀಕಾಂತ, ಸ್ಟುಟ್‌ಗಾರ್ಟ್

ಎಲ್ಲರೂ ನಿಯಮ ಹೇಳಿದ್ದೀರಿ, ಉಪಕಾರವಾಯಿತು. ಆದರೆ ಈ ನಿಯಮಗಳ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಒಂದು ಮಾತು ಆಡಬೇಕು. ಹೊಸ ಕಾರು ಕೊಳ್ಳುವ ಶಕ್ತಿಯಿದ್ದವನಿಗೆ ಯಾವ ವಲಯವೂ ವಲಯವಲ್ಲ. ಹನ್ನೆರಡು, ಹದಿಮೂರು ವರ್ಷದ ಡೀಸೆಲ್ ಇಟ್ಟುಕೊಂಡವನು, ಬೆಳಗಿನ ಜಾವ ಬಸ್ಸಿಲ್ಲದ ಹೊತ್ತಿನಲ್ಲಿ ಕೆಲಸಕ್ಕೆ ಹೋಗುವವನು, ಅವನೇ ದಂಡ ಕಟ್ಟುವವನು. ಯೂರೋ 5 ಡೀಸೆಲ್ ಪರಿಸರಕ್ಕೆ ಒಳ್ಳೆಯದೆಂದು ಮಾರಿದವರು ಕಂಪನಿಗಳು, ಪರೀಕ್ಷೆಯಲ್ಲಿ ವಂಚಿಸಿದವರೂ ಅವರಲ್ಲಿ ಕೆಲವರು. ಊರೊಳಗೆ ಬರಬೇಡವೆಂದು ಹೇಳಿಸಿಕೊಂಡವನು ಮಾತ್ರ ಕೊಂಡವನು. ನಮ್ಮ ಸ್ಟುಟ್‌ಗಾರ್ಟ್‌ನಲ್ಲಿ 2019ರ ಆರಂಭದಿಂದ ಯೂರೋ 4 ಮತ್ತು ಅದಕ್ಕಿಂತ ಹಳೆಯ ಡೀಸೆಲ್‌ಗಳನ್ನು ಇಡೀ ನಗರದಿಂದ ಹೊರಗಿಟ್ಟಾಗ, ವಾರವಾರವೂ ಪ್ರತಿಭಟನೆಗೆ ಬಂದವರಲ್ಲಿ ಶ್ರೀಮಂತರನ್ನು ನಾನು ಹೆಚ್ಚಾಗಿ ಕಾಣಲಿಲ್ಲ.

ಜೊತೆಗೆ, ಈ ವಲಯಗಳು ಶಾಶ್ವತವೂ ಅಲ್ಲ. ನಮ್ಮ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 2023ರಲ್ಲಿ ಕಾರ್ಲ್ಸ್‌ರುಹೆ ಮೊದಲಾದ ಹಲವು ಊರುಗಳ ಹಸಿರು ಸ್ಟಿಕ್ಕರ್ ವಲಯಗಳನ್ನು ತೆಗೆದುಹಾಕಿದರು. 2008ರ ಜನವರಿಯಲ್ಲಿ ಬರ್ಲಿನ್, ಕೊಲೋನ್ ಜೊತೆಗೆ ದೇಶಕ್ಕೇ ಮೊದಲಾಗಿ ವಲಯ ತಂದ ಹ್ಯಾನೋವರ್ ಕೂಡ 2024ರ ಫೆಬ್ರವರಿಯಲ್ಲಿ ಅದನ್ನು ಕೈಬಿಟ್ಟಿತು.

ಸುಮಿತ್ರಾ, ಘೆಂಟ್

ಶ್ರೀಕಾಂತ ಅವರೇ, ಭಾರ ಯಾರ ಮೇಲೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ, ಹ್ಯಾನೋವರ್‌ನಿಂದ ತೆಗೆದ ತೀರ್ಮಾನವನ್ನು ಒಪ್ಪುವುದಿಲ್ಲ. ಅಲ್ಲಿ ವಲಯ ತೆಗೆದದ್ದು ಅದು ವ್ಯರ್ಥವೆಂದಲ್ಲ. ಗಾಳಿ ಹಲವು ವರ್ಷ ಮಿತಿಯೊಳಗೇ ಉಳಿದಿತ್ತು, ರಸ್ತೆಯಲ್ಲಿ ಹಸಿರು ಸ್ಟಿಕ್ಕರ್ ಇಲ್ಲದ ಕಾರುಗಳೇ ವಿರಳವಾಗಿದ್ದವು. ಜರ್ಮನಿಯಲ್ಲೇ ಅತಿ ಕೆಟ್ಟ ಗಾಳಿಗೆ ಹೆಸರಾಗಿದ್ದ ನಿಮ್ಮ ನೆಕ್ಕಾರ್‌ಟೋರ್ ವೃತ್ತದಲ್ಲಿ 2016ರಲ್ಲಿ 80ಕ್ಕೂ ಮೇಲಿದ್ದ ನೈಟ್ರೋಜನ್ ಡೈಆಕ್ಸೈಡ್‌ನ ಸರಾಸರಿ 2020ರಲ್ಲಿ 40ರೊಳಗೆ ಬಂತು. ಅದರ ಪುಣ್ಯವೆಲ್ಲ ನಿಷೇಧದ್ದಲ್ಲ. ಬಸ್ಸಿನ ಪ್ರತ್ಯೇಕ ಪಥ, ವೇಗಮಿತಿ, ಗಾಳಿ ಸೋಸುವ ಕಂಬಗಳು, ಹೊಸ ಕಾರುಗಳು, ಕೊನೆಯ ವರ್ಷದಲ್ಲಿ ಕೋವಿಡ್, ಎಲ್ಲವೂ ಪಾಲುದಾರರು. ಆದರೆ 2018ರ ಫೆಬ್ರವರಿಯಲ್ಲಿ ಲೈಪ್‌ಜಿಗ್‌ನ ಫೆಡರಲ್ ಆಡಳಿತ ನ್ಯಾಯಾಲಯ ಡೀಸೆಲ್ ನಿಷೇಧ ಕಾನೂನುಬದ್ಧವೆಂದು ಹೇಳಿರದಿದ್ದರೆ ಇವುಗಳಲ್ಲಿ ಎಷ್ಟು ಅಷ್ಟು ಬೇಗ ಆಗುತ್ತಿದ್ದವು ಎಂಬುದು ನನಗೆ ಸಂದೇಹ.

ಲಂಡನ್ ನಗರಾಡಳಿತವೇ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಯುಲೆಜ್ ಇಲ್ಲದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ರಸ್ತೆಬದಿಯ ನೈಟ್ರೋಜನ್ ಡೈಆಕ್ಸೈಡ್ 27 ಶೇಕಡ ಕಡಿಮೆ. ವಲಯ ನಡೆಸುವವರೇ ಬರೆದ ಲೆಕ್ಕವೆಂದು ನೀವು ಅನುಮಾನದಿಂದ ನೋಡಬಹುದು, ನೋಡಲೂಬೇಕು. ಭಾರ ಹಂಚುವ ವಿಚಾರದಲ್ಲಿ ಮಾತ್ರ ಲಂಡನ್ ಸ್ವಲ್ಪ ಪ್ರಯತ್ನಿಸಿತು: ಹಳೆಯ ಗಾಡಿ ಗುಜರಿಗೆ ಹಾಕುವವರಿಗೆ 21 ಕೋಟಿ ಪೌಂಡ್‌ಗಳ ನಿಧಿ ತೆಗೆದಿಟ್ಟು, ಒಂದು ಕಾರಿಗೆ 2,000 ಪೌಂಡ್‌ವರೆಗೆ ಕೊಟ್ಟಿತು. ಅಷ್ಟಾದರೂ 2023ರ ಜುಲೈನಲ್ಲಿ ಪಶ್ಚಿಮ ಲಂಡನ್ನಿನ ಅಕ್ಸ್‌ಬ್ರಿಜ್ ಉಪಚುನಾವಣೆಯನ್ನು ಲೇಬರ್ ಪಕ್ಷ 495 ಮತಗಳಿಂದ ಸೋತಾಗ ಎಲ್ಲರೂ ಬೆರಳು ತೋರಿಸಿದ್ದು ಯುಲೆಜ್ ಕಡೆಗೇ. ಇನ್ನು ಶಾಶ್ವತವಲ್ಲ ಎಂಬ ಮಾತಿಗೆ: ಒಕ್ಕೂಟದ ಹೊಸ ನಿರ್ದೇಶನದಂತೆ 2030ರಿಂದ ಆ 40ರ ಮಿತಿ 20ಕ್ಕೆ ಇಳಿಯುತ್ತದೆ. ಈಗ ವಲಯ ತೆಗೆದ ಕೆಲವು ಊರುಗಳು ಆಗ ಬೇರೆ ಯಾವುದಾದರೂ ದಾರಿ ಹುಡುಕಲೇಬೇಕು.

ರಘುನಂದನ, ಡ್ಯೂಸೆಲ್‌ಡಾರ್ಫ್

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಕ್ರಿಟ್‌ಏರ್‌ಗೆ ಅರ್ಜಿ ಹಾಕಿದ್ದೇನೆ, ಲೂವೆನ್‌ನಲ್ಲಿ ತಂಗುವ ಸಲಹೆಯೂ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿದೆ. ಲಂಡನ್ ಅನ್ನು ಈ ಸಲ ಬಿಟ್ಟು, ತಂಗಿಯನ್ನೇ ಇಲ್ಲಿಗೆ ಕರೆಯುತ್ತೇವೆ. ಉಳಿದಿರುವುದು ಒಂದೇ ಪ್ರಶ್ನೆ, ವಿಶ್ವನಾಥ ಅವರಿಗೆ: ಈ ಡೀಸೆಲ್ ಅನ್ನು ಮನೆಯಲ್ಲಿಯೇ ಬಿಟ್ಟು ಯೂರೋ 6 ಪೆಟ್ರೋಲ್ ಕಾರೊಂದನ್ನು ಬಾಡಿಗೆಗೆ ತೆಗೆದುಕೊಂಡು ಹೊರಟರೆ ಇಟಲಿಯ ತೊಡಕುಗಳೆಲ್ಲ ತೀರುತ್ತವೆಯೇ? ಮತ್ತು ಸ್ವಿಟ್ಜರ್‌ಲೆಂಡ್‌ನಲ್ಲಿ ಏನಾದರೂ ಬೇಕೇ?

ವಿಶ್ವನಾಥ ಭಟ್, ಮಿಲಾನ್

ಅರ್ಧ ತೀರುತ್ತವೆ. ಏರಿಯಾ ಬಿ ನಿಮ್ಮನ್ನು ತಡೆಯುವುದಿಲ್ಲ, ಏರಿಯಾ ಸಿಯೊಳಗೆ ಹೋದರೆ 7.50 ಯೂರೋವನ್ನು ಮರುದಿನದ ಮಧ್ಯರಾತ್ರಿಯೊಳಗೆ ಕಟ್ಟಬೇಕು. ಫ್ಲಾರೆನ್ಸ್‌ನಲ್ಲಿ ಮಾತ್ರ ಏನೂ ಬದಲಾಗುವುದಿಲ್ಲ. ಆದ್ದರಿಂದ ಬಾಡಿಗೆಯ ಹಣವನ್ನು ಇದೊಂದೇ ಕಾರಣಕ್ಕೆ ಖರ್ಚು ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಮಿಲಾನ್‌ಗೆ ಶನಿವಾರ ತಲುಪಿ ಭಾನುವಾರ ಹೊರಡುವಂತೆ ದಿನ ಹೊಂದಿಸಿಕೊಂಡರೆ ನಿಮ್ಮ ಡೀಸೆಲ್ಲೇ ಸಾಕು.

ಫ್ಲಾರೆನ್ಸ್‌ಗೆ ಎ1 ಹೆದ್ದಾರಿಯಲ್ಲಿ ಬರುವಾಗ ವಿಲ್ಲಾ ಕೋಸ್ಟಾಂಝಾ ಎಂಬ ವಾಹನ ನಿಲ್ದಾಣ ಸಿಗುತ್ತದೆ. ಟೋಲ್ ಗೇಟಿನಿಂದ ಹೊರಗೆ ಬಾರದೆಯೇ, ಹೆದ್ದಾರಿಯಿಂದ ನೇರ ಅದರೊಳಗೆ ಕಾರು ತಿರುಗಿಸಬಹುದು. ಅಲ್ಲಿಂದಲೇ ಟಿ1 ಟ್ರಾಮ್ ಹೊರಡುತ್ತದೆ, ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಪಕ್ಕದಲ್ಲಿ ಇಳಿದರೆ ಹಳೆಯ ಪೇಟೆ ಅಲ್ಲಿಯೇ. ಟ್ರಾಮಿನ ನೆಲ ತಗ್ಗಾಗಿರುವುದರಿಂದ ಅಮ್ಮನವರಿಗೆ ಮೆಟ್ಟಿಲು ಹತ್ತುವ ಶ್ರಮವೂ ಇಲ್ಲ. ರಾತ್ರಿ ತಂಗುವುದಾದರೆ ಪೇಟೆಯ ಹೊರಗೆ, ಟ್ರಾಮ್ ಮಾರ್ಗದ ಮೇಲೆ, ಕಾರು ನಿಲ್ಲಿಸಲು ಜಾಗವಿರುವ ಹೋಟೆಲ್ ನೋಡಿ.

ಸ್ವಿಟ್ಜರ್‌ಲೆಂಡ್‌ನಲ್ಲಿ ನೀವು ಬಾಸೆಲ್, ಗೊಟ್ಹಾರ್ಡ್ ದಾರಿಯಲ್ಲಿ ಬರುವುದರಿಂದ ಹೊಗೆಯ ವಲಯ ಯಾವುದೂ ಅಡ್ಡಬರುವುದಿಲ್ಲ. ಜಿನೀವಾದಲ್ಲಿ ಒಂದು ಇದೆ, ಅದು ಗಾಳಿ ಕೆಟ್ಟ ದಿನಗಳಲ್ಲಿ ಮಾತ್ರ ಜಾರಿಯಾಗುತ್ತದೆ, ನಿಮ್ಮ ದಾರಿಯಲ್ಲಿಯೂ ಇಲ್ಲ. ಹೆದ್ದಾರಿ ಬಳಕೆಗೆ 40 ಫ್ರಾಂಕ್‌ನ ವಾರ್ಷಿಕ ವಿನ್ಯೆಟ್, ಅಂದರೆ ಶುಲ್ಕ ಕಟ್ಟಿದ್ದರ ಗುರುತಿನ ಚೀಟಿ, ಕಡ್ಡಾಯ. ಈಗ ಅದನ್ನು ಗಾಜಿಗೆ ಅಂಟಿಸುವ ಬದಲು ನಂಬರ್ ಪ್ಲೇಟಿಗೆ ಜೋಡಿಸಿ ಆನ್‌ಲೈನ್‌ನಲ್ಲಿಯೂ ಕೊಳ್ಳಬಹುದು, ಗಡಿಯಲ್ಲಿ ಸಾಲು ನಿಲ್ಲುವುದು ತಪ್ಪುತ್ತದೆ.